ರೆಕ್ಕೆಯೊಳಗಿನ ವಿದ್ಯುತ್ ಉಪಕರಣಗಳನ್ನು ಕೂರಿಸುವುದು ಹೇಗೆ?

ಪ್ರಶ್ನೆ: ನಾನೇ ಕಟ್ಟುತ್ತಿರುವ ಎರಡು ಆಸನಗಳ ಲೋಹದ ವಿಮಾನದಲ್ಲಿ ರೆಕ್ಕೆಯ ಕೆಳಹೊದಿಕೆಗೆ ರಿವೆಟ್ ಹೊಡೆಯುವ ಹಂತ ಬಂದಿದೆ. ಲ್ಯಾಂಡಿಂಗ್ ದೀಪದ ನಿಯಂತ್ರಕ, ಪಿಟೋ ಹೀಟರ್‌ನ (ಗಾಳಿವೇಗ ಅಳೆಯುವ ಕೊಳವೆಯನ್ನು ಬಿಸಿಯಾಗಿಡುವ ಸಾಧನ) ರಿಲೇ, ಅಂದರೆ ವಿದ್ಯುತ್ ಸ್ವಿಚ್, ಮತ್ತು ಆಟೋಪೈಲಟ್ ಸರ್ವೋಗಳನ್ನು (ನಿಯಂತ್ರಣಗಳನ್ನು ಚಲಿಸುವ ಮೋಟಾರುಗಳು) ಮುಂದೆ ಸುಲಭವಾಗಿ ಬಿಚ್ಚಲು ಬರುವಂತೆ ಎಲ್ಲಿ ಕೂರಿಸಬೇಕು?

ಉತ್ತರ 1: ನಿಯಂತ್ರಕ ಮತ್ತು ರಿಲೇಯನ್ನು ರಿಬ್‌ಗೆ (ರೆಕ್ಕೆಗೆ ಆಕಾರ ಕೊಡುವ ಒಳಪಟ್ಟಿ) ಬಿಗಿಯುವ ಬದಲು ತಪಾಸಣಾ ಕಿಂಡಿಯ ಮುಚ್ಚಳದ ಒಳಮೈಗೇ ಕೂರಿಸಿದರೆ, ಸ್ಕ್ರೂ ಬಿಚ್ಚಿದೊಡನೆ ಮುಚ್ಚಳದ ಜೊತೆಗೆ ಅವೂ ಕೈಗೆ ಬರುತ್ತವೆ. ಮುಚ್ಚಳವನ್ನು ಪೂರ್ತಿ ಹೊರತೆಗೆಯುವಷ್ಟು ತಂತಿಯನ್ನು ಹೆಚ್ಚುವರಿಯಾಗಿ ಬಿಡಿ, ಆದರೆ ಅದು ಐಲರಾನ್‌ನ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಫಲಕ) ಪುಶ್‌ರಾಡ್‌ಗೆ, ಅಂದರೆ ಅದನ್ನು ಚಲಿಸುವ ಸರಳಿಗೆ, ಎಂದಿಗೂ ತಾಗದಂತೆ ಕಟ್ಟಿರಿ. ಒಳಗೆ ನಟ್ ಹಿಡಿಯಲು ಕೈ ಹೋಗುವುದಿಲ್ಲವಾದ್ದರಿಂದ ಕಿಂಡಿಯ ಸುತ್ತ ನಟ್‌ಪ್ಲೇಟ್‌ಗಳೇ (ಹೊದಿಕೆಗೆ ಮೊದಲೇ ರಿವೆಟ್ ಮಾಡಿ ಕೂರಿಸಿದ ನಟ್‌ಗಳು) ಬೇಕು.

ಉತ್ತರ 2: ಸರ್ವೋಗೆ ಮಾತ್ರ ಈ ಉಪಾಯ ಸಲ್ಲದು. ಅದು ನಿಯಂತ್ರಣ ವ್ಯವಸ್ಥೆಯನ್ನೇ ಎಳೆಯುವುದರಿಂದ, ನಕ್ಷೆಯಲ್ಲಿ ತೋರಿಸಿದ ಗಟ್ಟಿ ಬ್ರಾಕೆಟ್‌ನಲ್ಲೇ ಇರಬೇಕು. ಕಿಂಡಿಯನ್ನು ಅದರ ಎದುರಿಗೆ ಇಡಿ. ಸ್ಪಾರ್‌ಗೆ (ರೆಕ್ಕೆಯ ಭಾರ ಹೊರುವ ಉದ್ದದ ತೊಲೆ) ಮಾತ್ರ ನಿಮ್ಮಿಷ್ಟದಂತೆ ರಂಧ್ರ ಕೊರೆಯಬೇಡಿ. ಇನ್ನೊಂದು ಮಾತು: ಪ್ರೈಮರ್ ಬಳಿದ ಮುಚ್ಚಳದ ಮೂಲಕ ಅರ್ಥಿಂಗ್ ನಂಬಲರ್ಹವಲ್ಲ, ಹೀಟರ್‌ಗಂತೂ ಪ್ರತ್ಯೇಕ ಅರ್ಥ್ ತಂತಿಯನ್ನೇ ಎಳೆಯಿರಿ.

ಉತ್ತರ 3: ರೆಕ್ಕೆಯ ಬುಡದಲ್ಲಿ ಕನೆಕ್ಟರ್ ಇಡಲು ನಾನು ಸೋಮಾರಿತನ ಮಾಡಿದ್ದೆ, ರೆಕ್ಕೆ ಕಳಚಬೇಕಾದಾಗ ಹನ್ನೊಂದು ತಂತಿಗಳನ್ನು ಕತ್ತರಿಸಿ ಮತ್ತೆ ಜೋಡಿಸಬೇಕಾಯಿತು.