ಪೋರ್ಟ್‌ಫೋಲಿಯೊ ಪ್ರಿಂಟಿನಲ್ಲಿ ಸ್ಕ್ರೀನ್‌ಶಾಟ್ ಮಸುಕು: 300 ಪಿಪಿಐ ಮಾಡಿದರೂ ಸರಿಹೋಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇದುವರೆಗೆ ಮಾಡಿದ ವೆಬ್ ಡಿಸೈನ್ ಕೆಲಸಗಳನ್ನೆಲ್ಲ ಸೇರಿಸಿ ಎ4 ಅಡ್ಡಪುಟದ ಪೋರ್ಟ್‌ಫೋಲಿಯೊ ಮಾಡುತ್ತಿದ್ದೇನೆ. ಸ್ಕ್ರೀನ್‌ಶಾಟ್‌ಗಳೆಲ್ಲ 1366×768 ಪಿಕ್ಸೆಲ್. ಪುಟದ ಅಗಲಕ್ಕೂ ಬರುವ ಹಾಗೆ ಇಟ್ಟು ಪ್ರಿಂಟ್ ತೆಗೆದರೆ ಅಕ್ಷರಗಳು ಮಸುಕಾಗಿವೆ. 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಬೇಕು ಅಂತ ಓದಿ, ಫೋಟೊಶಾಪ್‌ನಲ್ಲಿ 72 ಇದ್ದದ್ದನ್ನು 300 ಮಾಡಿದೆ. ಅಗಲ 5692 ಪಿಕ್ಸೆಲ್ ಆಯಿತು, ಆದರೆ ಮಸುಕು ಹೋಗಲಿಲ್ಲ. ಮುಂದಿನ ವಾರ ಸಂದರ್ಶನ ಇದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ

ನೀವು ಸಂಖ್ಯೆ ಬದಲಿಸುವಾಗ ರೀಸ್ಯಾಂಪಲ್ (ಚಿತ್ರದ ಪಿಕ್ಸೆಲ್ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಆನ್ ಇತ್ತು. ಹೆಚ್ಚಾಗಿ ಬಂದ ಪಿಕ್ಸೆಲ್‌ಗಳೆಲ್ಲ ಅಕ್ಕಪಕ್ಕದ ಬಣ್ಣ ನೋಡಿ ಸಾಫ್ಟ್‌ವೇರ್ ಊಹಿಸಿ ತುಂಬಿದವು. ಅದರಿಂದ ಅಂಚುಗಳು ಇನ್ನಷ್ಟು ಮೆತ್ತಗಾಗುತ್ತವೆಯೇ ಹೊರತು ಹೊಸ ವಿವರ ಬರುವುದಿಲ್ಲ. 72 ಅನ್ನುವುದು ಫೈಲಿಗೆ ಅಂಟಿಸಿದ ಚೀಟಿ ಮಾತ್ರ, ಅದನ್ನು ಮರೆತುಬಿಡಿ.

ಪಿಕ್ಸೆಲ್ ಎಷ್ಟಿದೆ, ಕಾಗದದ ಮೇಲೆ ಎಷ್ಟು ಅಗಲಕ್ಕೆ ಹರಡುತ್ತೀರಿ, ಇವೆರಡೇ ಲೆಕ್ಕಕ್ಕೆ ಬರುವುದು. ಎ4 ಅಡ್ಡಪುಟದ ಅಗಲ 297 ಮಿ.ಮೀ., ಅಂದರೆ 11.69 ಇಂಚು. 1366 ಪಿಕ್ಸೆಲ್ ಅಷ್ಟಗಲ ಹರಡಿದರೆ ಇಂಚಿಗೆ ಸಿಗುವುದು ಸುಮಾರು 117. ಅರ್ಧ ಪುಟದ ಅಗಲಕ್ಕೆ ಇಳಿಸಿದರೆ 234 ಆಗುತ್ತದೆ, ಕೈಯಲ್ಲಿ ಹಿಡಿದು ನೋಡುವ ಪುಟಕ್ಕೆ ಪರವಾಗಿಲ್ಲ. ಪೂರ್ತಿ 300 ಬೇಕೆಂದರೆ ಚಿತ್ರ 11.6 ಸೆಂ.ಮೀ. ದಾಟಬಾರದು. ಪುಟ ಜೋಡಿಸಲು ಇನ್‌ಡಿಸೈನ್ ಬಳಸುತ್ತಿದ್ದರೆ ಲಿಂಕ್ಸ್ ಪ್ಯಾನೆಲ್‌ನಲ್ಲಿ 'ಎಫೆಕ್ಟಿವ್ ಪಿಪಿಐ' ನೋಡಿ, ನಿಜವಾದ ಸಂಖ್ಯೆ ಅದೇ.

ಆದರೆ ಚಿಕ್ಕದು ಮಾಡುವ ಮೊದಲು ಒಂದು ಮಾತು. ಆ ಪುಟಗಳು ಈಗಲೂ ಬ್ರೌಸರ್‌ನಲ್ಲಿ ತೆರೆಯುತ್ತವೆಯೇ? ತೆರೆದರೆ ಹಳೆಯ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಒದ್ದಾಡಬೇಡಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಡಿವೈಸ್ ಮೋಡ್‌ಗೆ ಹೋಗಿ, ಅಗಲ 1366 ಇರಲಿ, ಡಿವೈಸ್ ಪಿಕ್ಸೆಲ್ ರೇಶಿಯೊ 3 (ಅಗಲ, ಎತ್ತರ ಎರಡರಲ್ಲೂ ಮೂರು ಪಟ್ಟು ಪಿಕ್ಸೆಲ್) ಕೊಟ್ಟು ಸ್ಕ್ರೀನ್‌ಶಾಟ್ ತೆಗೆಯಿರಿ. ಲೇಔಟ್ ಅದೇ, ಆದರೆ ಫೈಲ್ 4098 ಪಿಕ್ಸೆಲ್ ಅಗಲ. ಅಕ್ಷರಗಳನ್ನು ಬ್ರೌಸರ್ ಹೊಸದಾಗಿ ಬಿಡಿಸುವುದರಿಂದ ಪೂರ್ತಿ ಪುಟದಗಲಕ್ಕೆ ಇಟ್ಟರೂ 350 ಪಿಪಿಐ ಸಿಗುತ್ತದೆ. ಪುಟದೊಳಗಿನ ಫೋಟೊಗಳು ಮಾತ್ರ ಮೂಲದಲ್ಲಿ ಎಷ್ಟಿದ್ದವೋ ಅಷ್ಟೇ. ಡಿಸೈನ್ ಮಾಡಿದ ಮೂಲ ಫಿಗ್ಮಾ ಫೈಲ್ ಉಳಿದಿದ್ದರೆ ಇನ್ನೂ ಒಳ್ಳೆಯದು, ಅಲ್ಲಿಂದ ನೇರ ಪಿಡಿಎಫ್ ತೆಗೆದರೆ ಅಕ್ಷರ, ಐಕಾನ್ ಎಲ್ಲ ವೆಕ್ಟರ್ (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಆಕಾರ) ಆಗಿಯೇ ಬರುತ್ತವೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ನಾಲ್ಕು ಪುಟಗಳನ್ನು ಹೀಗೆ ಮತ್ತೆ ತೆಗೆದೆ, ಅಕ್ಷರಗಳು ಸ್ಫುಟವಾಗಿವೆ, ನೋಡಿ ನಿಜಕ್ಕೂ ಖುಷಿಯಾಯಿತು. ಎರಡು ಸೈಟ್ ಮುಚ್ಚಿಹೋಗಿವೆ, ಹಳೆಯ ಸ್ಕ್ರೀನ್‌ಶಾಟಿನ ಪಿಎನ್‌ಜಿ ಫೈಲ್ ಬಿಟ್ಟು ಬೇರೇನೂ ಇಲ್ಲ. ಅವನ್ನು ದೊಡ್ಡದು ಮಾಡಿ ನೋಡಿದರೆ ಅಕ್ಷರಗಳ ಅಂಚಿನಲ್ಲಿ ಕೆಂಪು-ನೀಲಿ ಗೆರೆ ಕಾಣುತ್ತಿದೆ. ಜೊತೆಗೆ ಕಡುನೀಲಿ ಬಟನ್ ಪ್ರಿಂಟಿನಲ್ಲಿ ನೇರಳೆಯಾಗಿದೆ.

ಇನ್ನೊಬ್ಬರ ಉತ್ತರ

ಆ ಗೆರೆ ವಿಂಡೋಸ್‌ನ ಕ್ಲಿಯರ್‌ಟೈಪ್‌ನದು. ಎಲ್‌ಸಿಡಿ ಪರದೆಯ ಕೆಂಪು, ಹಸಿರು, ನೀಲಿ ಉಪಪಿಕ್ಸೆಲ್‌ಗಳನ್ನು ಬಳಸಿ ಅಕ್ಷರ ನಯವಾಗಿಸುವ ಉಪಾಯ ಅದು, ಕಾಗದದಲ್ಲಿ ಕಲೆಯಾಗಿ ಕಾಣುತ್ತದೆ. ಬಿಳಿ ಹಿನ್ನೆಲೆಯ ಕಪ್ಪು ಅಕ್ಷರವಿರುವ ಜಾಗವನ್ನಷ್ಟೇ ಆಯ್ದು ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸೊನ್ನೆಗೆ ಇಳಿಸಿ. ಆಮೇಲೆ ಚಿತ್ರವನ್ನು ಸರಿಯಾಗಿ 300% ಮಾಡಿ, ವಿಧಾನ 'ನಿಯರೆಸ್ಟ್ ನೇಬರ್' ಇರಲಿ, ಅದು ಹೊಸ ಬಣ್ಣ ಊಹಿಸದೆ ಇದ್ದ ಪಿಕ್ಸೆಲನ್ನೇ ಪುನರಾವರ್ತಿಸುತ್ತದೆ. 250% ಥರದ ಅಳತೆ ಬೇಡ, ಕೆಲವು ಗೆರೆ ದಪ್ಪ, ಕೆಲವು ಸಣ್ಣ ಆಗುತ್ತವೆ. ಅಂಚು ಚೂಪಾಗಿ ಉಳಿಯುತ್ತದೆ, ಆದರೆ ವಿವರ ಹೆಚ್ಚುವುದಿಲ್ಲ. ಹಾಗಾಗಿ ಈ ಎರಡು ಕೆಲಸಗಳನ್ನು ಅರ್ಧ ಪುಟದಲ್ಲೇ ಇಡಿ. ಚಿಕ್ಕದಾಗಿ, ಸುತ್ತ ಬಿಳಿ ಜಾಗ ಬಿಟ್ಟು ಇಟ್ಟ ಒಳ್ಳೆಯ ಡಿಸೈನ್ ಕಣ್ಣಿಗೆ ಬೀಳುತ್ತದೆ.

ನೀಲಿಯ ವಿಚಾರ: ಪರದೆಯ ಆ ನೀಲಿ ನಾಲ್ಕು ಶಾಯಿಗಳ ಮಿಶ್ರಣದಲ್ಲಿ ಬರುವುದೇ ಇಲ್ಲ. ಸಾಫ್ಟ್ ಪ್ರೂಫ್ (ಪ್ರಿಂಟಿನ ಬಣ್ಣವನ್ನು ಪರದೆಯಲ್ಲೇ ಅಂದಾಜು ತೋರಿಸುವ ನೋಟ) ಹಾಕಿ ನೋಡಿಕೊಂಡು ಮೆಜೆಂಟಾ ಸ್ವಲ್ಪ ಇಳಿಸಿದರೆ ನೇರಳೆ ಛಾಯೆ ಹೋಗುತ್ತದೆ. ಹೊಳಪು ಕಡಿಮೆಯಾಗಿರುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ಕಂಪ್ರೆಶನ್‌ನಲ್ಲಿ ಜೆಪೆಗ್ ಬಿಟ್ಟು ಜಿಪ್ ಆಯ್ಕೆ ಮಾಡಿ, ಡೌನ್‌ಸ್ಯಾಂಪಲಿಂಗ್ (ಪಿಕ್ಸೆಲ್ ಕಡಿಮೆ ಮಾಡುವುದು) ಆಫ್ ಮಾಡಿ. ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟು ಉಳಿಸಿದ ಅಂಚು ಅಲ್ಲಿ ಕೆಡುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಮತ್ತೆ ಪ್ರಿಂಟ್ ತೆಗೆದೆ. ಅರ್ಧ ಪುಟದ ಎರಡೂ ಚಿತ್ರಗಳಲ್ಲಿ ಮೆನುವಿನ ಸಣ್ಣ ಅಕ್ಷರವೂ ಓದಲು ಬರುತ್ತಿದೆ. ನೀಲಿಯನ್ನು ಇನ್ನೊಂದು ಸಲ ತಿದ್ದಬೇಕು, ಅದನ್ನು ಇವತ್ತು ಮುಗಿಸುತ್ತೇನೆ.