ತತ್ವಪದ ಒಂದು, ಹೋದ ವರ್ಷದ ಸಿನಿಮಾ ಹಾಡು ಒಂದು: ಕವರ್ ಮಾಡೋವಾಗ ಶ್ರುತಿ ಯಾವುದು, ಹಕ್ಕು ಯಾರದು?

ಫರ್ಸಿಓಣಿ (ಕಲಬುರಗಿ):

ಈ ವರ್ಷ ಕೇಳಿದ ಕವರ್‌ಗಳೊಳಗ ಏಕತಾರಿ, ದಮ್ಮಡಿ (ಕೈಯಾಗ ಹಿಡಿದು ಬಡಿಯೋ ಚರ್ಮವಾದ್ಯ), ತಾಳ ಇಷ್ಟೇ ಇಟ್ಟು ಹಾಡಿದ ತತ್ವಪದಗಳೇ ಭಾಳ ಹಿಡಿಸ್ಯಾವ. ದೊಡ್ಡ ವಾದ್ಯಮೇಳ ಹಾಕಿದವುದ್ರಾಗ ಪದದ ಮಾತೇ ತಿಳಿಯಂಗಿಲ್ಲ. ನಾವೂ ಎರಡು ಹಾಡು ಮಾಡಬೇಕಂತ ಅದೀವಿ. ಒಂದು ಕಡಕೋಳ ಮಡಿವಾಳಪ್ಪನವರ ಪದ, ಇನ್ನೊಂದು ಹೋದ ವರ್ಷ ಬಂದ ಸಿನಿಮಾ ಹಾಡು. ಎರಡೂ ಮೂಲದಾಗ ಗಂಡು ಧ್ವನಿ, ಶ್ರುತಿ ಕರಿ ಒಂದು (ಹಾರ್ಮೋನಿಯಂ ಸಪ್ತಕದ ಮೊದಲನೇ ಕರಿ ಮನಿ). ನಮ್ಮಲ್ಲಿ ಹಾಡಾಕಿ ಹೆಣ್ಣುಮಗಳು. ಕರೋಕೆ ಟ್ರ್ಯಾಕಿನ ಶ್ರುತಿ ಆ್ಯಪ್‌ನಾಗ ಏರಿಸಿದ್ರ ತಬಲಾ ಚೀರಿದಂಗ ಕೇಳಸ್ತದ. ಹಾರ್ಮೋನಿಯಂ, ತಬಲಾ ಅವ. ರೆಕಾರ್ಡಿಂಗಿಗೆ ಮೊಬೈಲ್, ಒಂದು ಕಾಲರ್ ಮೈಕ್. ಖೋಲಿಗೆ ಶಹಾಬಾದ್ ಕಲ್ಲಿನ ನೆಲ, ಗ್ವಾಡಿ ಬೋಳು. ಯಾವ ಶ್ರುತಿ ಹಿಡೀಬೇಕು? ಯೂಟ್ಯೂಬಿಗೆ ಹಾಕಿದ್ರ ಕ್ಲೇಮ್ (ಹಾಡು ನಮ್ಮದು ಅನ್ನೋ ಹಕ್ಕುದಾರರ ತಕರಾರು) ಬರ್ತದೇನು?

ಕರಿಐದು:

ಶ್ರುತಿಯನ್ನ ಹಾಡಾಕಿಯ ಷಡ್ಜದಿಂದ ಹುಡುಕಬ್ಯಾಡ್ರಿ, ಹಾಡಿನ ಎರಡು ತುದಿಯಿಂದ ಹುಡುಕ್ರಿ. ಪದದಾಗ ಎಲ್ಲಕ್ಕಿಂತ ಕೆಳಗಿನ ಸ್ವರ ಯಾವುದು, ಮ್ಯಾಲಿಂದು ಯಾವುದು ಅಂತ ಹಾರ್ಮೋನಿಯಂ ಮ್ಯಾಲ ಹಿಡಕೊಳ್ರಿ. ಮಂದ್ರ (ಕೆಳಗಿನ ಸಪ್ತಕದ) ಪಂಚಮದಿಂದ ತಾರ (ಮ್ಯಾಲಿನ ಸಪ್ತಕದ) ಗಾಂಧಾರದ ತನಕ ಅದ ಅಂತ ಇಟ್ಕೊಳ್ರಿ. ಕರಿ ನಾಲ್ಕರಾಗ ಹಾಡಿದ್ರ ಮಂದ್ರ ಪಂಚಮ ಭಾಳ ಹೆಣ್ಣು ಧ್ವನಿಗೆ ಗಾಳಿ ಆಗಿ ಹೋಗ್ತದ, ಮೈಕಿಗೆ ಬೀಳಂಗಿಲ್ಲ. ಕರಿ ಐದಕ್ಕ ಏರಿಸಿದ್ರ ಆ ಸ್ವರ ನಿಲ್ತದ, ತಾರ ಗಾಂಧಾರನೂ ಒದರದೇ ಬರ್ತದ. ಎರಡೂ ತುದಿ ನಾಲ್ಕು ಸಲ ಹಾಡಿಸಿ ನೋಡ್ರಿ; ನಾಲ್ಕನೇ ಸಲನೂ ಹಂಗೇ ಬಂದ್ರ ಅದೇ ಶ್ರುತಿ.

ಕರಿ ಒಂದರಿಂದ ಕರಿ ಐದಕ್ಕ ಟ್ರ್ಯಾಕ್ ಏರಿಸಿದ್ರ ಕರಿ-ಬಿಳಿ ಎಲ್ಲಾ ಎಣಿಸಿ ಒಂಬತ್ತು ಮನಿ, ಅದಕ್ಕೇ ತಬಲಾ ಚೀರ್ತದ. ಇಳಿಸಿದ್ರ ಮೂರೇ ಮನಿ. ಹಾಡಾಕಿ ಒಂದು ಸಪ್ತಕ ಮ್ಯಾಲ ಹಾಡ್ತಾಳ. ಆದ್ರ ಮೂರು ಇಳಿಸಿದ್ರೂ ಡಗ್ಗಾ (ತಬಲಾ ಜೋಡಿಯ ಎಡಗೈದು) ಮಸುಕಾಗ್ತದ. ತತ್ವಪದಕ್ಕ ಕರೋಕೆ ಬ್ಯಾಡೇ ಬ್ಯಾಡ, ವಾದ್ಯ ಹೊಸದಾಗೇ ನುಡಿಸ್ರಿ.

ಹಾರ್ಮೋನಿಯಂ ಪರೀಕ್ಷಾ ಮೊದಲು ಮಾಡ್ರಿ. ಮಧ್ಯ ಸಪ್ತಕದ ಬಿಳಿ ಆರು ಒತ್ತಿ ಟ್ಯೂನರ್ ಆ್ಯಪ್ ನೋಡ್ರಿ. 440 ಹರ್ಟ್ಜ್ ಇರಬೇಕು, ಹಳೇ ಪೆಟ್ಟಿಗಿ 443 ತೋರಿಸ್ತದ ಅನ್ರಿ, ಅಂದ್ರ ಸುಮಾರು 12 ಸೆಂಟ್ ಹೆಚ್ಚು (ಒಂದು ಮನಿಗೆ ನೂರು ಸೆಂಟ್). ರೀಡ್ ಕೆರೆಯೋಕ್ಕ ಹೋಗಬ್ಯಾಡ್ರಿ. ತಂಬೂರಿ ಆ್ಯಪ್, ಕೀಬೋರ್ಡ್ ಎರಡನ್ನೂ 443ಕ್ಕ ತರ್ರಿ. ಇದನ್ನ ಬಿಟ್ಟವ್ರ ಕವರ್‌ದಾಗ ಹಾಡೋರು ಬೇಸುರ ಅನ್ನಸ್ತಾರ, ತಪ್ಪು ಅವ್ರದಲ್ಲ.

ತಬಲಾ ಕರಿ ಐದಕ್ಕ ಮಧ್ಯಮದಾಗ ಕೂಡಿಸ್ರಿ, ಅಂದ್ರ ಕರಿ ಎರಡು. ಐದೂಕಾಲು ಇಂಚಿನ ಆಸುಪಾಸಿನ ಬಾಯಿ ಇದ್ದದ್ದು ಸಾಕು. ಭೂಪಾಲಿಯಂಥ ಮಧ್ಯಮ ಇಲ್ಲದ ಧಾಟಿ ಆದ್ರ ಹಂಗ ಮಾಡಬ್ಯಾಡ್ರಿ. ಆರು ಇಂಚಿನ ದೊಡ್ಡ ಬಾಯಿ ತಬಲಾ ತಂದು ಷಡ್ಜಕ್ಕೇ ಕೂಡಿಸ್ರಿ. ಬ್ಯಾಸಗಿಯೊಳಗ ಚರ್ಮ ಬಿಗಿದು ಶ್ರುತಿ ಏರ್ತದ, ಕೂಲರ್ ಹಚ್ಚಿದ್ರ ಹಸಿಗೆ ಇಳೀತದ. ಕೂಲರ್ ಬಂದ್ ಮಾಡಿ ಅರ್ಧ ತಾಸು ಬಿಟ್ಟು ಆಮ್ಯಾಲ ತಬಲಾದ ಗಟ್ಟಿ (ಪಕ್ಕದ ಕಟ್ಟಿಗಿ ತುಂಡು) ಹೊಡೆದು ಶ್ರುತಿ ಕೂಡಿಸ್ರಿ.

ಬೀದರ್‌ಧ್ವನಿ:

ಮೇಲಿನವರ ಮಾತಿಗೆ ಒಂದು ತಿದ್ದುಪಡಿ: ಸಿನಿಮಾ ಹಾಡಿನ ಟ್ರ್ಯಾಕ್ ಎರಡು ಮನೆ ಇಳಿಸುವವರೆಗೆ ಚಿಂತೆಯಿಲ್ಲ. ಕರಿ ಒಂದರಿಂದ ಎರಡು ಇಳಿದರೆ ಬಿಳಿ ಏಳು. ಗಾಯಕಿಗೆ ಅದು ಹೊಂದಿದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಕೋಣೆ. ಶಹಾಬಾದ್ ಕಲ್ಲು ನುಣುಪು, ದನಿಯನ್ನು ಹೀರುವುದೇ ಇಲ್ಲ, ಹಾಗೇ ಹಿಂದಕ್ಕೆ ಕಳಿಸುತ್ತದೆ. ನೆಲಕ್ಕೆ ಜಮಖಾನೆ ಹಾಸಿ. ಗಾಯಕಿಯ ಬೆನ್ನ ಹಿಂದೆ ಮತ್ತು ಎರಡೂ ಪಕ್ಕದಲ್ಲಿ ಹಗ್ಗ ಕಟ್ಟಿ ದಪ್ಪ ಕೌದಿ ಇಳಿಬಿಡಿ, ಗೋಡೆಗೆ ಅಂಟದಂತೆ ಗೇಣು ದೂರ. ಬೆನ್ನ ಹಿಂದಿನದು ಮುಖ್ಯ, ಏಕೆಂದರೆ ಮೈಕ್ ನೋಡುವುದು ಆ ಕಡೆಗೇ. ಕೋಣೆಯ ನಟ್ಟನಡುವೆ ಕೂರಬೇಡಿ; ಅಲ್ಲಿ ಕೆಳಗಿನ ಕೆಲವು ಸ್ವರ ಸೊರಗುತ್ತವೆ.

ಮೊಬೈಲಿನ ದೊಡ್ಡ ತೊಂದರೆ ಮೈಕ್ ಅಲ್ಲ, ಗದ್ದಲ ತೆಗೆಯುವ ಸೌಲಭ್ಯ. ಅದು ಒಂದೇ ಸಮ ಬರುವ ಸದ್ದನ್ನೆಲ್ಲ ಫ್ಯಾನಿನ ಸದ್ದೆಂದು ತಿಳಿದು ಒರೆಸುತ್ತದೆ. ತಂಬೂರಿಯೂ ಏಕತಾರಿಯೂ ಒಂದೇ ಸಮ ಬರುವ ಸದ್ದೇ. ಆದ್ದರಿಂದ ಫೋನಿನ ಮಾಮೂಲಿ ರೆಕಾರ್ಡರ್ ಬಿಟ್ಟು, ನಾಯ್ಸ್ ಸಪ್ರೆಷನ್ (ಈ ಗದ್ದಲ ತೆಗೆಯುವುದು) ಮತ್ತು ಆಟೋ ಗೇನ್ (ದನಿಯ ಮಟ್ಟ ತಾನೇ ಏರಿಳಿಸುವುದು) ಎರಡನ್ನೂ ಬಂದ್ ಮಾಡಲು ಬರುವ ಆ್ಯಪ್ ಹಾಕಿಕೊಳ್ಳಿ. ವೇವ್ ಫೈಲ್, 48 ಕಿಲೋಹರ್ಟ್ಜ್. ತಾರ ಸ್ವರಕ್ಕೆ ಮೀಟರ್ ಮೈನಸ್ 10 ಡೆಸಿಬೆಲ್ ಹತ್ತಿರ ನಿಂತರೆ ಸಾಕು. ಸೊನ್ನೆ ಮುಟ್ಟಿ ಒಡೆದ ದನಿ ಆಮೇಲೆ ಸರಿಹೋಗದು.

ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಬೇಡಿ, ಬಟ್ಟೆ ಉಜ್ಜುತ್ತದೆ. ಸ್ಟ್ಯಾಂಡಿಗೆ ಕಟ್ಟಿ, ಬಾಯಿಂದ ಒಂದು ಗೇಣು ದೂರ, ತುಸು ಓರೆಗೆ. ಹಾರ್ಮೋನಿಯಂ ಬೇರೆ ಸಲ ಹಿಡಿಯಿರಿ, ತಿದಿಯ ಕಡೆ ಮೈಕ್ ತೋರಿಸಬೇಡಿ. ಕೇಳಲು ವೈರ್ ಇರುವ ಇಯರ್‌ಫೋನೇ ಆಗಬೇಕು. ಬ್ಲೂಟೂತಿನಲ್ಲಿ ತಬಲಾ ತಡವಾಗಿ ಕಿವಿಗೆ ಬೀಳುತ್ತದೆ, ಗಾಯಕಿ ಅದನ್ನು ಹಿಡಿದು ಹಾಡುತ್ತಾಳೆ, ಕೂಡಿಸಿದಾಗ ಇಡೀ ಹಾಡು ತಾಳದ ಹಿಂದೆ ಬೀಳುತ್ತದೆ.

ರಿವರ್ಬ್ (ಆ್ಯಪಿನಲ್ಲಿ ಸೇರಿಸುವ ಅನುರಣನ) ಕೊಡುವುದಿದ್ದರೆ ಕಡಿಮೆ ಕೊಡಿ, ಅದರೊಳಗಿನ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ. ತತ್ವಪದದ ಮಾತು ಒಗಟಿನಂತೆ ಇರುತ್ತದೆ, ಒಂದಕ್ಷರ ಮುಚ್ಚಿಹೋದರೂ ಅದನ್ನು ಬಿಡಿಸಲು ಬರುವುದಿಲ್ಲ.

ಭಜನಿತಾಳ (ಜೇವರ್ಗಿ):

ಲಯದ ಮಾತು ಯಾರೂ ಎತ್ತಲಿಲ್ಲ. ಭಜನಿ ಪದ ಕ್ಲಿಕ್ಕಿಗೆ (ಒಂದೇ ವೇಗದಾಗ ಟಿಕ್ ಟಿಕ್ ಅನ್ನೋ ಸದ್ದಿಗೆ) ಕಟ್ಟಿ ಹಾಡಿದ್ರ ಸಾಯ್ತದ. ನಮ್ಮ ಕಡಿ ಪಲ್ಲವಿ ನಿಧಾನ ಎತ್ತಿ, ನುಡಿ ನುಡಿಗೆ ಒಂದೀಟು ಏರಿಸಿ, ಕೊನೀ ನುಡಿಗೆ ತಾಳದವ್ರು ಬಿರುಸು ಹಿಡೀತಾರ. ಕ್ಲಿಕ್ ಬೇಕೇ ಬೇಕಂದ್ರ ನುಡಿಗೊಂದು ವೇಗ ಇಡ್ರಿ: ಪಲ್ಲವಿಗೆ ನಿಮಿಷಕ್ಕ 80 ಪೆಟ್ಟು, ಕೊನೀಗೆ 100ರ ಒಳಗ. ಅದಕ್ಕಿಂತ ಛಲೋ ಹಾದಿ, ಹಾಡು ಮತ್ತ ದಮ್ಮಡಿ ಎದುರು ಬದುರು ಕೂತು ಒಮ್ಮೆಲೇ ಹಿಡೀರಿ, ತಾಳ ಆಮ್ಯಾಲ ಕೂಡಿಸ್ರಿ. ಕಂಚಿನ ತಾಳ ಮೈಕಿನಿಂದ ನಾಕು ಮೊಳ ದೂರ ಇರಲಿ. ಹತ್ರ ಇದ್ರ ಮಾತೆಲ್ಲಾ ನುಂಗ್ತದ.

ಯಾದಗಿರಿಕಾನೂನು:

ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಧ್ವನಿಮುದ್ರಣ ಮೂರನೆಯದು. ಮೂರಕ್ಕೂ ಒಡೆಯರು ಬೇರೆ ಬೇರೆ ಇರಬಹುದು. ಸಾಹಿತ್ಯ, ಸಂಗೀತದ ಹಕ್ಕು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಮಡಿವಾಳಪ್ಪನವರ ವಿಷಯದಲ್ಲಿ ಆ ಅವಧಿ ಎಂದೋ ಮುಗಿದಿದೆ, ಅವರ ಪದದ ಮಾತಿಗೆ ಈಗ ಯಾರ ಅಪ್ಪಣೆಯೂ ಬೇಡ. ಆದರೆ ಧಾಟಿ ಇತ್ತೀಚಿನ ಸಂಗೀತ ನಿರ್ದೇಶಕರದಾದರೆ ಬೇಕು. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಮಾತು ಎಲ್ಲರದು, ಅದಕ್ಕೆ ಸಿ. ಅಶ್ವತ್ಥ್ ಹಾಕಿದ ಧಾಟಿಗೆ ಅವರು 2009ರಲ್ಲಿ ತೀರಿಕೊಂಡದ್ದರಿಂದ 2069 ಮುಗಿಯುವವರೆಗೆ ಹಕ್ಕು ಇದೆ.

ಸಿನಿಮಾ ಹಾಡಿಗೆ ಬರೋಣ. 2012ರ ತಿದ್ದುಪಡಿಯ 31ಸಿ ಕಲಂ ಕವರ್‌ಗೆ ಕಾನೂನಿನ ಪರವಾನಗಿ ಕೊಡುತ್ತದೆ, ಆದರೆ ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. ಹೋದ ವರ್ಷದ ಹಾಡಿಗೆ ಆ ದಾರಿ ಇಲ್ಲ. ಹಳೆಯ ಹಾಡಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡ ಕಟ್ಟಬೇಕು, ಮತ್ತು ಆ ಕಲಂ ಧ್ವನಿಮುದ್ರಣಕ್ಕೆ ಮಾತ್ರ, ವಿಡಿಯೋಗೆ ಅಲ್ಲ. ಹಾಗಾಗಿ ಹಕ್ಕುದಾರರ ಒಪ್ಪಿಗೆಯೇ ನೇರ ದಾರಿ. ಒಪ್ಪಿಗೆ ಇಲ್ಲದೆ ಹಾಕಿದರೆ ಯೂಟ್ಯೂಬಿನಲ್ಲಿ ಕ್ಲೇಮ್ ಬೀಳಬಹುದು: ಜಾಹೀರಾತಿನ ಹಣ ಅವರಿಗೆ ಹೋಗಬಹುದು, ವಿಡಿಯೋ ತಡೆಯಲೂಬಹುದು. ‘ಹಕ್ಕು ಮೂಲದವರದು’ ಎಂದು ಕೆಳಗೆ ಬರೆದರೆ ರಕ್ಷಣೆ ಸಿಗುವುದಿಲ್ಲ. ಇಳಿಸಿಕೊಂಡ ಕರೋಕೆ ಟ್ರ್ಯಾಕಿಗೂ ಮಾಡಿದವರ ಹಕ್ಕು ಇರುತ್ತದೆ.

ಫರ್ಸಿಓಣಿ (ಕಲಬುರಗಿ):

ಎಲ್ಲಾರಿಗೂ ಶರಣ್ರಿ. ಸಿನಿಮಾ ಹಾಡು ಸದ್ಯಕ್ಕ ಬಿಟ್ಟೀವಿ. ಪದಕ್ಕ ಊರ ಭಜನಿಯ ಹಳೇ ಧಾಟಿನೇ ಹಿಡಿದ್ರ, ಆದ್ರೂ ಕ್ಲೇಮ್ ಬಂದ್ರ?

ಯಾದಗಿರಿಕಾನೂನು:

ಬರಬಹುದು, ಅದೇ ಧಾಟಿಯ ಕ್ಯಾಸೆಟ್ ಯಾರಾದರೂ ಏರಿಸಿದ್ದರೆ ಯಂತ್ರಕ್ಕೆ ಎರಡೂ ಒಂದೇ ಅನಿಸುತ್ತದೆ. ಆಗ ಯೂಟ್ಯೂಬಿನಲ್ಲೇ ಡಿಸ್ಪ್ಯೂಟ್ (ಕ್ಲೇಮ್ ತಪ್ಪೆಂಬ ಆಕ್ಷೇಪ) ಹಾಕಿ: ಸಾಹಿತ್ಯ ಹಕ್ಕು ಮುಗಿದದ್ದು, ಧಾಟಿ ಪಾರಂಪರಿಕ, ಮುದ್ರಣ ನಮ್ಮದೇ. ಕತ್ತರಿಸದ ಮೂಲ ವೇವ್ ಫೈಲುಗಳನ್ನೂ ಹಾಡುವಾಗ ತೆಗೆದ ವಿಡಿಯೋವನ್ನೂ ತಾರೀಖಿನ ಸಮೇತ ತೆಗೆದಿಡಿ.