ಉಬುಂಟು ಅಪ್‌ಗ್ರೇಡ್ ಮಾಡಿದ್ಮ್ಯಾಲ ಪುಟ್ಟಿ (PuTTY) ಪ್ರೋಗ್ರಾಮಿನಿಂದ ಸರ್ವರಿಗಿ ಲಾಗಿನ್ ಆಗವಲ್ದು, ಯಾರಿಗರ ಗೊತ್ತದೇನ್ರಿ?

ತೊಗರಿ_ಕಣಜ:
ನಮಸ್ಕಾರ್ರಿ. ಕಲಬುರಗಿ ದಾಲ್ ಮಿಲ್ ಒಂದರ ಲೆಕ್ಕದ ಸರ್ವರ್ ನೋಡ್ಕೋತೀನಿ, ಆದ್ರ ನಾ ಇರೋದು ಆಳಂದದಾಗ, ಮನಿಯಿಂದ್ಲೇ ಪುಟ್ಟಿ ಹಾಕಿ ಒಳಗ ಹೋಗ್ತಿದ್ದೆ, ಇಷ್ಟ ವರ್ಷ ಒಂದಿನಾನೂ ತಕರಾರಿಲ್ಲ. ಅದರಾಗಿನ ಓಎಸ್ ಉಬುಂಟು 20.04ಕ್ಕ ಸಪೋರ್ಟ್ ಮುಗದದ ಅಂತ ಐತವಾರ ಮಿಲ್ಲಿಗೇ ಹೋಗಿ 22.04 ಮಾಡಿದೆ, ರೀಸ್ಟಾರ್ಟ್ ಆತು, ಬಿಲ್ಲೂ ಬರಲತ್ತಿದ್ವು, ಖುಷಿಲೆ ಬಸ್ ಹತ್ತಿದೆ. ಮನಿಗಿ ಬಂದು ನೋಡಿದ್ರ 'ಸರ್ವರ್ ರೆಫ್ಯೂಸ್ಡ್ ಅವರ್ ಕೀ'! ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗಿ ಕೊಡೋ ಫೈಲ್) ಅದೇ, ಯೂಸರ್ ಅದೇ. ಪಾಸ್‌ವರ್ಡ್ ಲಾಗಿನ್ ನಾನೇ ಬಂದ್ ಮಾಡಿಟ್ಟೀನಿ, ಶಾಣ್ಯಾತನ ನೋಡ್ರಿ. ತೊಗರಿ ಸೀಜನ್ ಬ್ಯಾರೆ, ಸಾವಕಾರ್ರು ಫೋನ್ ಮ್ಯಾಲ ಫೋನ್.

ಬೀದರ್_ಗಾಳಿ:
ಫೈರ್‌ವಾಲ್ ನೋಡ್ರಿ, ಲಾಗಿನ್ ಒಳಗ ಬರೋ 22 ಪೋರ್ಟ್ ಬಂದ್ ಆಗಿರ್ಬೇಕು.

ಕೆಂಪು_ಟರ್ಮಿನಲ್:
ಫೈರ್‌ವಾಲ್ ಅಲ್ರಿ ಅದು, ಬಂದ್ ಇದ್ದಿದ್ರ ಟೈಮ್‌ಔಟ್ ಬರ್ತಿತ್ತು. ಕೀ ಬ್ಯಾಡ ಅಂತ ಅನ್ನಲತ್ತದಂದ್ರ ಬಾಗಿಲತನಕ ಮುಟ್ಟೀರಿ. ಮಿಲ್ಲಿನಾಗ ಯಾರರ ಇದ್ರ ಸರ್ವರ್ ಮುಂದ ಕುಂದರ್ಸಿ auth ಲಾಗ್ (ಲಾಗಿನ್ ಪ್ರಯತ್ನದ ದಾಖಲೆ) ತೆಗಸ್ರಿ, ನೀವು ಟ್ರೈ ಮಾಡೋ ಟೈಮಿಗೇ.

ತೊಗರಿ_ಕಣಜ:
ಮುನೀಮರ ಮಗ ವಾಟ್ಸಾಪ್‌ನಾಗ ಫೋಟೋ ಕಳಿಸ್ಯಾನ. ಅರ್ಧ ಅವನ ಹೆಬ್ಬಟ್ಟೇ ಕಾಣ್ತದ, ಆದ್ರ 'ಕೀ ಟೈಪ್ ಎಸ್‌ಎಸ್‌ಎಚ್-ಆರ್‌ಎಸ್‌ಎ ನಾಟ್ ಇನ್…' ಅಂತದ.

ಕೆಂಪು_ಟರ್ಮಿನಲ್:
ಹಾಂ ಸಿಕ್ತು. ನಿಮ್ಮ ಕೀ ಕೆಟ್ಟಿಲ್ರಿ. ಕೀ ಹಚ್ಚಿ ಸಹಿ ಮಾಡ್ತದಲ್ಲ, ಆ ಸಹಿ ಮಾಡೋ ರೀತಿ ಹಳೀದು, ಶಾ-1 (SHA-1) ಅಂತಾರ. ಅದನ್ನ ಮುರಿಲಿಕ್ಕ 50 ಸಾವಿರ ಡಾಲರಿಗಿಂತ ಕಮ್ಮಿ ಖರ್ಚು ಸಾಕು ಅಂತ ಹೇಳಿ ಸರ್ವರಿನಾಗ ಲಾಗಿನ್ ನೋಡ್ಕೊಳ್ಳೋ ಪ್ರೋಗ್ರಾಮ್ ಓಪನ್‌ಎಸ್‌ಎಸ್‌ಎಚ್‌ನವ್ರು 2021ರಾಗ 8.8ರಿಂದ ಬಂದ್ ಮಾಡಿದ್ರು, 22.04ದಾಗ ಇರೋದು 8.9. ಅದೇ ಕೀಲೆ ಹೊಸಾ ರೀತಿ ಶಾ-2 ಸಹಿ ಮಾಡಬಹುದು, ಆದ್ರ ಪುಟ್ಟಿ 0.75 ಇಲ್ಲಾ ಅದರ ಮುಂದಿಂದು ಬೇಕು. ನಿಮ್ದು ಯಾವುದದ? ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಾಗ (ಸರ್ವರಿನ ಲಾಗಿನ್ ಸೆಟಿಂಗ್ ಫೈಲ್) ಹಳೇದಕ್ಕ ಪರವಾನಗಿ ಕೊಡೋ ಸಾಲೂ ಅದ, ಆದ್ರ ಬ್ಯಾಡ್ರಿ, ಹಾಕಿದ್ಮ್ಯಾಲ ಯಾರೂ ತೆಗ್ಯಾಂಗಿಲ್ಲ.

ತೊಗರಿ_ಕಣಜ:
ಅಬೌಟ್ ಒತ್ತಿ ನೋಡಿದೆ, 0.70 ಅದ್ರಿ! 2017ರದು 😅 ಪೆನ್‌ಡ್ರೈವ್‌ನಾಗಿಂದ ಕಾಪಿ ಮಾಡ್ಕೊಂಡಿದ್ದು ಹಂಗೇ ನಡದಿತ್ತು. ಹೊಸಾದು ಇಳಿಸಿ ಕೀ ಇರೋ ಅದೇ ಪಿಪಿಕೆ ಫೈಲ್ ಕೊಟ್ಟೆ, ಸೀದಾ ಒಳಗ. ಮುನೀಮರ ಹುಡುಗನ್ನ ಸುಮ್ನ ಅರ್ಧಾ ತಾಸು ನಿಂದರ್ಸಿದೆ.

ಬೀದರ್_ಗಾಳಿ:
ಒಳಗ ಹೊಕ್ಕೀರಲ್ಲ, ಇವತ್ತೇ ಇಡಿ25519 ಅನ್ನೋ ಹೊಸಾ ನಮೂನಿ ಕೀ ಒಂದು ಮಾಡಿ ಸೇರಿಸ್ರಿ. ಹೊಸಾದು ಇನ್ನೊಂದು ವಿಂಡೋದಾಗ ನಡೀತದ ಅಂತ ನೋಡೋತನ ಈ ವಿಂಡೋ ಮುಚ್ಚಬ್ಯಾಡ್ರಿ ಮತ್ತ.